ಮೊಣಕೈ ನೋವಿಗೆ ನಾನು ಮಾಡಿಕೊಂಡದ್ದು

ನನ್ನ ಊರು ಕಾಸರಗೋಡಿನ ಪೆರ್ಲದ ಹತ್ತಿರ, ಕೆಲಸ ದುಬೈಯಲ್ಲಿ. ಅಲ್ಲಿ ಗೆಳೆಯರ ಜೊತೆ ಹೋಗಿ ಹೋಗಿ ಗಾಲ್ಫ್ ಹುಚ್ಚು ಹಿಡಿಯಿತು. ದಿನಾ ಸಂಜೆ 100-150 ಚೆಂಡು ಹೊಡೆಯುತ್ತಿದ್ದೆ. ಮೂರನೇ ತಿಂಗಳಿಗೆ ಬಲ ಮೊಣಕೈಯ ಒಳಬದಿ ನೋಯತೊಡಗಿತು. ಕೊನೆಗೆ ಚಹಾದ ಲೋಟ ಎತ್ತುವುದೂ ಕಷ್ಟವಾಯಿತು.

ಗಾಲ್ಫರ್ಸ್ ಎಲ್ಬೋ ಅನ್ನುವುದು ಇದಕ್ಕೇ. ಮಣಿಕಟ್ಟನ್ನು ಒಳಕ್ಕೆ ಮಡಚುವ ಸ್ನಾಯುಗಳು ಮೊಣಕೈಯ ಒಳಬದಿಯ ಮೂಳೆಗೆ ಅಂಟಿಕೊಂಡಿರುತ್ತವೆ. ಪ್ರತಿ ಹೊಡೆತಕ್ಕೂ ಆ ಬುಡವನ್ನೇ ಜಗ್ಗಿದ ಹಾಗೆ. ಅಭ್ಯಾಸದ ಜಾಗದಲ್ಲಿ ಹುಲ್ಲಿನ ಬದಲು ಗಟ್ಟಿ ಮ್ಯಾಟ್. ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಅದಕ್ಕೆ ಬಡಿದಾಗಲೆಲ್ಲ ಪೆಟ್ಟು ನೇರ ಕೈಗೆ ಬರುತ್ತಿತ್ತು. ನಾನು ಹಿಡಿದುಕೊಳ್ಳುತ್ತಿದ್ದದ್ದೂ ತುಂಬಾ ಬಿಗಿಯಾಗಿ.

ಮೊದಲು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ಐದಾರು ವಾರ ಹಾಯಾಗಿತ್ತು. ವಾಸಿಯಾಯಿತು ಅಂತ ಮತ್ತೆ ಆಡಿದೆ, ನೋವು ಮೊದಲಿಗಿಂತ ಜಾಸ್ತಿಯಾಗಿ ಬಂತು.

ರಜೆ ಹಾಕಿ ಊರಿಗೆ ಬಂದೆ. ಕೈಗೆ ಕೆಲಸ ಕೊಡದೆ ಸುಮ್ನೆ ಕೂತರೆ ಸಾಕು ಅಂದುಕೊಂಡಿದ್ದೆ. ಫಿಸಿಯೋಥೆರಪಿಸ್ಟ್ ಒಪ್ಪಲಿಲ್ಲ. "ಆಟ ನಿಲ್ಲಿಸಿ, ಕೈಯನ್ನು ನಿಲ್ಲಿಸಬೇಡಿ" ಅಂದರು. ಸ್ವಲ್ಪ ಸ್ವಲ್ಪವೇ ಭಾರ ಬಿದ್ದರೆ ಮಾತ್ರ ಆ ಬುಡ ಮತ್ತೆ ಗಟ್ಟಿಯಾಗುತ್ತದಂತೆ.

ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿದೆ. ಅಂಗೈ ಮೇಲ್ಮುಖವಾಗಿರುವಂತೆ ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಿಂದ ಹೊರಗೆ. ಎಡಗೈ ಸಹಾಯದಿಂದ ಬಾಟಲಿ ಎತ್ತುವುದು, ಬಲಗೈಯಲ್ಲೇ ಮೆಲ್ಲ ಇಳಿಸುವುದು. ಇಳಿಸಲು ನಾಲ್ಕು ಸೆಕೆಂಡ್ ಬೇಕು, ಅದೇ ಮುಖ್ಯ. 15 ಸಲ, ಮೂರು ಸುತ್ತು. ಚೂರು ನೋವು ಪರವಾಗಿಲ್ಲ, ಮರುದಿನಕ್ಕೂ ಉಳಿದರೆ ಭಾರ ಕಡಿಮೆ ಮಾಡಬೇಕು. ಬೈರಾಸನ್ನು (ಟವೆಲ್) ಸುತ್ತಿ ಮೆಲ್ಲಗೆ ಹಿಂಡುವುದನ್ನೂ ಸೇರಿಸಿಕೊಂಡೆ. ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅಲ್ಲೇ ಪಕ್ಕದಲ್ಲಿ ನರ ಹಾದುಹೋಗುತ್ತದೆ.

ಚಾವಡಿಯಲ್ಲಿ ಇದನ್ನು ನೋಡಿದ ಅಮ್ಮ, "ನನಗೂ ಅಲ್ಲೇ ನೋವು ಮಗಾ, ಅಡಿಕೆ ಸುಲಿದು ಸುಲಿದು" ಅಂದರು. ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ನನಗೆ ಬಹಳ ಬೇಜಾರಾಯಿತು. ಅವರನ್ನೂ ಅದೇ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ.

ನನಗೆ ಮೂರು ತಿಂಗಳು ಹಿಡಿಯಿತು. ಮೊದಲು ಬರೀ ಪಟ್ಟಿಂಗ್ (ಚೆಂಡನ್ನು ಮೆಲ್ಲಗೆ ಉರುಳಿಸುವುದು), ಆಮೇಲೆ ಅರ್ಧ ಸ್ವಿಂಗ್ (ಕೋಲನ್ನು ಅರ್ಧಕ್ಕಷ್ಟೇ ಬೀಸುವುದು), ದೂರ ಹೊಡೆಯುವ ಉದ್ದನೆಯ ಕೋಲು ಡ್ರೈವರ್ ಎಲ್ಲಕ್ಕಿಂತ ಕೊನೆಗೆ. ಈಗ ದಿನ ಬಿಟ್ಟು ದಿನ 40 ಚೆಂಡು, ಹುಲ್ಲಿನ ಮೇಲೆ ಮಾತ್ರ. ಅಮ್ಮ ಅರ್ಧ ಗಂಟೆಗೊಮ್ಮೆ ಕತ್ತಿ ಬಿಟ್ಟು ಏಳುತ್ತಾರೆ. ಫೋನಿನಲ್ಲಿ ನಾನು ಮೊದಲು ಕೇಳುವುದು ಬಾಟಲಿಯ ಲೆಕ್ಕವನ್ನೇ.