ಗ್ಲಾಕೋಮಾ ಇರುವ ಕಣ್ಣಿನಲ್ಲಿ ಪೊರೆಯ ಶಸ್ತ್ರಚಿಕಿತ್ಸೆ: ನನ್ನ ಅನುಭವ

ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ) ಮತ್ತು ಪೊರೆ (ಮಸೂರ ಮಬ್ಬಾಗುವುದು) ಒಂದೇ ಕಣ್ಣಿನಲ್ಲಿದ್ದಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನು: ಈ ವ್ಯಕ್ತಿ ಕಳೆದುಕೊಂಡಿರುವ ದೃಷ್ಟಿಯಲ್ಲಿ ಪೊರೆಯ ಪಾಲೆಷ್ಟು, ದೃಷ್ಟಿನರದ ಹಾನಿಯ ಪಾಲೆಷ್ಟು? ಪೊರೆಯಿಂದ ಮಸುಕಾದದ್ದನ್ನು ಶಸ್ತ್ರಚಿಕಿತ್ಸೆ ಮರಳಿ ಕೊಡುತ್ತದೆ. ಗ್ಲಾಕೋಮಾದಿಂದ ಸತ್ತ ನರತಂತುಗಳನ್ನು ಯಾವ ಶಸ್ತ್ರಚಿಕಿತ್ಸೆಯೂ ಬದುಕಿಸಲಾರದು. ಈ ಲೆಕ್ಕ ಒಂದು ಮಟ್ಟಿಗಾದರೂ ಸ್ಪಷ್ಟವಾಗುವವರೆಗೆ, ರೋಗಿಗೂ ಮನೆಯವರಿಗೂ ಅದನ್ನು ತಿಳಿಸಿ ಹೇಳುವವರೆಗೆ, ನಾನು ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡುವುದಿಲ್ಲ.

ಲೆಕ್ಕ ಸುಲಭದ್ದಲ್ಲ, ಏಕೆಂದರೆ ನರವನ್ನು ಅಳೆಯುವ ಪರೀಕ್ಷೆಗಳನ್ನೇ ಪೊರೆ ಮಬ್ಬಾಗಿಸುತ್ತದೆ. ದೃಷ್ಟಿ ಎಲ್ಲೆಲ್ಲಿ ಕುಂದಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ಪೊರೆಯು ಇಡೀ ದೃಷ್ಟಿಕ್ಷೇತ್ರವನ್ನು ಹೆಚ್ಚುಕಡಿಮೆ ಒಂದೇ ಸಮನೆ ಮಂಕಾಗಿಸಿದರೆ, ಗ್ಲಾಕೋಮಾ ಮೂಗಿನ ಬದಿಯಲ್ಲಿ ಅಥವಾ ಬಿಲ್ಲಿನಾಕಾರದಲ್ಲಿ ಕ್ಷೇತ್ರದ ಒಂದು ಭಾಗವನ್ನು ಕಬಳಿಸುತ್ತದೆ. ಆದ್ದರಿಂದ ನಾನು ಒಟ್ಟು ಸರಾಸರಿಯ ಅಂಕಿಗಿಂತ ಒಟ್ಟಾರೆ ಮಂಕನ್ನು ಕಳೆದು ಅಲ್ಲಲ್ಲಿನ ಕುಂದನ್ನು ತೋರಿಸುವ ಪ್ಯಾಟರ್ನ್ ಡೀವಿಯೇಷನ್ ನಕ್ಷೆಯನ್ನು ಹೆಚ್ಚು ನಂಬುತ್ತೇನೆ. ದಟ್ಟವಾದ ಪೊರೆಯಿದ್ದಾಗ, ಬೆಳಕಿನಿಂದ ನರಪದರದ ದಪ್ಪ ಅಳೆಯುವ ಓಸಿಟಿ ಯಂತ್ರಕ್ಕೆ ಸಿಗುವ ಸಂಕೇತ ದುರ್ಬಲವಾಗಿ, ನರಪದರ ನಿಜಕ್ಕಿಂತ ತೆಳುವಾಗಿ ಕಾಣಬಹುದು. ಇಂಥಲ್ಲಿ ಒಂದು ಟಾರ್ಚು ಬಹಳ ನೆರವಾಗುತ್ತದೆ: ಬೆಳಕಿಗೆ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಮಂದವಾಗಿ ಸ್ಪಂದಿಸಿದರೆ ಆ ಮಂದತೆಗೆ ಆ ಕಣ್ಣಿನ ಪೊರೆಯನ್ನು ಕಾರಣವೆನ್ನಲಾಗದು, ನರದಲ್ಲೋ ರೆಟಿನಾದಲ್ಲೋ ಹಾನಿಯಿದೆ ಎಂದೇ ತಿಳಿಯಬೇಕು.

ಮುಂದಿನ ನಿರ್ಧಾರವೆಲ್ಲ ಗೋನಿಯೋಸ್ಕೋಪಿಯನ್ನು, ಅಂದರೆ ವಿಶೇಷ ಮಸೂರದಿಂದ ಕಣ್ಣಿನ ಕೋನವನ್ನು ನೋಡುವ ಪರೀಕ್ಷೆಯನ್ನು, ಅವಲಂಬಿಸಿದೆ. ಕಣ್ಣಿನೊಳಗಿನ ದ್ರವ ಹೊರಹೋಗುವ ಕೋನ ಕಿರಿದಾಗಿದ್ದರೆ, ವಯಸ್ಸಿನೊಂದಿಗೆ ದಪ್ಪವಾದ ಮಸೂರವೇ ಪಾಪೆಯ ಸುತ್ತಲಿನ ಐರಿಸನ್ನು ಮುಂದಕ್ಕೆ ನೂಕುತ್ತಿರುವ ಸಾಧ್ಯತೆ ಹೆಚ್ಚು. ಆ ಮಸೂರವನ್ನು ತೆಗೆದು ತೆಳುವಾದ ಕೃತಕ ಮಸೂರವನ್ನು ಇಟ್ಟಾಗ ಕೋನ ತೆರೆದುಕೊಂಡು ಒತ್ತಡ ಗಣನೀಯವಾಗಿ ಇಳಿಯುತ್ತದೆ. 2016ರಲ್ಲಿ ಪ್ರಕಟವಾದ ಈಗಲ್ ಅಧ್ಯಯನದಲ್ಲಿ, ಕೋನ ಮುಚ್ಚಿ ಒತ್ತಡ ಏರಿದ್ದ ಅಥವಾ ಗ್ಲಾಕೋಮಾ ಆರಂಭವಾಗಿದ್ದ 50 ದಾಟಿದ ರೋಗಿಗಳಿಗೆ, ಪೊರೆ ಇನ್ನೂ ಮೂಡದಿದ್ದರೂ ಮಸೂರ ತೆಗೆಯುವುದು ಲೇಸರ್ ಚಿಕಿತ್ಸೆಗಿಂತ ಉತ್ತಮ ಫಲ ನೀಡಿತು. ಹೀಗಾಗಿ, ಕೋನ ಕಿರಿದಾಗಿದ್ದು ಪೊರೆಯೂ ಇರುವವರಲ್ಲಿ ನಾನು ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದಿಲ್ಲ.

ತೆರೆದ ಕೋನದ ಗ್ಲಾಕೋಮಾದಲ್ಲಿ ಅಷ್ಟು ಲಾಭವನ್ನು ನಿರೀಕ್ಷಿಸಬಾರದು. ಅಲ್ಲಿ ಒತ್ತಡ ಇಳಿದರೂ ಸಾಮಾನ್ಯವಾಗಿ ಪಾದರಸದ 2ರಿಂದ 4 ಮಿಲಿಮೀಟರಿನಷ್ಟು ಮಾತ್ರ, ಅದೂ ವರ್ಷಗಳು ಕಳೆದಂತೆ ಕರಗುತ್ತಾ ಬರುತ್ತದೆ. ನರದ ಹಾನಿ ಅಲ್ಪವಾಗಿದ್ದು, ಒಂದೆರಡು ಬಗೆಯ ಹನಿಗಳಿಂದ ಒತ್ತಡ ಹತೋಟಿಯಲ್ಲಿದ್ದರೆ ಫೇಕೋ (ಪೊರೆಯನ್ನು ಒಡೆದು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ) ಒಂದನ್ನೇ ಮಾಡುತ್ತೇನೆ. ಫೇಕೋ ಜೊತೆಗೆ, ದ್ರವ ಹೊರಹೋಗಲು ನೆರವಾಗುವ ಸ್ಟೆಂಟಿನಂಥ ಸಣ್ಣ ಸಾಧನವನ್ನು ಅದೇ ವೇಳೆ ಕೂರಿಸುವ ಆಯ್ಕೆಯೂ ಇಂಥವರಿಗೇ ಹೊಂದುತ್ತದೆ. ಹಾನಿ ಮುಂದುವರಿದಿದ್ದು ಎಲ್ಲ ಹನಿಗಳ ನಂತರವೂ ಒತ್ತಡ ಬಗ್ಗದಿದ್ದರೆ ಟ್ರಾಬೆಕ್ಯುಲೆಕ್ಟಮಿ (ದ್ರವ ಹೊರಹೋಗಲು ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ) ಬೇಕೇ ಬೇಕು. ಅದನ್ನು ಪೊರೆಯೊಂದಿಗೆ ಒಟ್ಟಿಗೆ ಮಾಡಬೇಕೇ, ಬೇರೆಬೇರೆಯಾಗಿ ಮಾಡಬೇಕೇ ಎಂಬುದರಲ್ಲಿ ಎಲ್ಲರಿಗೂ ಒಂದೇ ನಿಯಮವಿಲ್ಲ. ಒತ್ತಡ ತೀರಾ ಹೆಚ್ಚಿದ್ದರೆ ನಾನು ಟ್ರಾಬೆಕ್ಯುಲೆಕ್ಟಮಿಯನ್ನೇ ಮೊದಲು ಮಾಡಿ, ಕನಿಷ್ಠ ಆರು ತಿಂಗಳು ಕಾದು, ಆಮೇಲೆ ಪೊರೆಗೆ ಕೈಹಾಕುತ್ತೇನೆ. ಅವಸರಪಟ್ಟರೆ ಎರಡನೆಯ ಶಸ್ತ್ರಚಿಕಿತ್ಸೆಯ ಉರಿಯೂತವು ಆ ಹೊಸ ದಾರಿಯ ಮೇಲೆ ಮೂಡಿದ ಗುಳ್ಳೆಯಾದ ಬ್ಲೆಬ್‌ನಲ್ಲಿ ಕಲೆಗಟ್ಟಿಸಿ, ಮೊದಲನೆಯದರ ಫಲವನ್ನೇ ಕೆಡಿಸಬಹುದು.

ಮೇಜಿನ ಮೇಲೆ ಎದುರಾಗುವ ತೊಡಕುಗಳು ಬಹುಮಟ್ಟಿಗೆ ಮೊದಲೇ ಊಹಿಸಬಹುದಾದವು. ವರ್ಷಗಟ್ಟಲೆ ಪೈಲೋಕಾರ್ಪಿನ್ (ಪಾಪೆಯನ್ನು ಕುಗ್ಗಿಸುವ ಗ್ಲಾಕೋಮಾ ಹನಿ) ಹಾಕಿದವರ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ. ಸ್ಯೂಡೋಎಕ್ಸ್‌ಫೋಲಿಯೇಷನ್ (ಕಣ್ಣಿನೊಳಗೆ ಹೊಟ್ಟಿನಂಥ ಪದಾರ್ಥ ಸೇರಿಕೊಳ್ಳುವ ಸ್ಥಿತಿ) ಇರುವವರಲ್ಲಿ ಪಾಪೆಯೂ ಸಣ್ಣದು, ಮಸೂರವನ್ನು ಹಿಡಿದಿಡುವ ತಂತುಗಳೂ ಸಡಿಲ. ಪಾಪೆಯನ್ನು ಹಿಗ್ಗಿಸಿ ಹಿಡಿಯುವ ಐರಿಸ್ ಕೊಕ್ಕೆಗಳು ಮತ್ತು ಮಸೂರದ ಚೀಲಕ್ಕೆ ಆಸರೆಯಾಗುವ ಕ್ಯಾಪ್ಸುಲರ್ ಟೆನ್ಷನ್ ರಿಂಗ್ ಕೈಗೆ ಸಿಗುವಂತೆ ಸಿದ್ಧವಿಲ್ಲದೆ ಇಂಥ ಕಣ್ಣನ್ನು ನಾನು ತೆರೆಯುವುದಿಲ್ಲ. ಮಸೂರದ ಆಯ್ಕೆಯಲ್ಲಿ ನನ್ನ ನಿಲುವು ಸರಳ: ಗ್ಲಾಕೋಮಾ ಈಗಾಗಲೇ ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸದ) ಗ್ರಹಿಕೆಯನ್ನು ಕುಗ್ಗಿಸಿರುತ್ತದೆ, ದೂರಕ್ಕೂ ಹತ್ತಿರಕ್ಕೂ ಬೆಳಕನ್ನು ಹಂಚುವ ಮಲ್ಟಿಫೋಕಲ್ ಮಸೂರ ಅದನ್ನು ಮತ್ತಷ್ಟು ಕುಗ್ಗಿಸುತ್ತದೆ, ಆದ್ದರಿಂದ ಒಂದೇ ದೂರಕ್ಕೆ ಹೊಂದುವ ಮಾನೋಫೋಕಲ್ ಅನ್ನೇ ಸೂಚಿಸುತ್ತೇನೆ. ಓದಲು ಕನ್ನಡಕ ಬೇಕಾಗುತ್ತದೆ ಎಂದು ಮೊದಲೇ ಹೇಳಿದರೆ ಬಹುತೇಕರು ಒಪ್ಪುತ್ತಾರೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯದ ಹೊತ್ತು ಶಸ್ತ್ರಚಿಕಿತ್ಸೆ ಮುಗಿದ ನಂತರದ ಮೊದಲ 24 ಗಂಟೆಗಳು. ಕಣ್ಣಿನೊಳಗೆ ಬಳಸಿದ ವಿಸ್ಕೋಎಲಾಸ್ಟಿಕ್ ಅಂಟುದ್ರವದ ಶೇಷವು ಹೊರದಾರಿಯನ್ನು ಕಟ್ಟಿ ಒತ್ತಡವನ್ನು ಥಟ್ಟನೆ ಏರಿಸಬಹುದು. ಆರೋಗ್ಯವಂತ ನರ ಅದನ್ನು ತಾಳಿಕೊಳ್ಳುತ್ತದೆ; ನಡುವಿನ ಚೂರು ದೃಷ್ಟಿ ಮಾತ್ರ ಉಳಿದಿರುವ ಕಣ್ಣಿಗೆ ಒಂದು ರಾತ್ರಿಯ ಏರಿಕೆಯೂ ದುಬಾರಿಯಾಗಬಲ್ಲದು. ಅದಕ್ಕಾಗಿಯೇ ಮಸೂರದ ಹಿಂಬದಿಯನ್ನೂ ಸೇರಿಸಿ ತಾಳ್ಮೆಯಿಂದ ತೊಳೆಯುತ್ತೇನೆ, ಹಾನಿ ಮುಂದುವರಿದವರಲ್ಲಿ ಅದೇ ಸಂಜೆ ಒತ್ತಡ ನೋಡುತ್ತೇನೆ, ಮೂತ್ರಪಿಂಡದ ತೊಂದರೆಯಾಗಲಿ ಸಲ್ಫಾ ಅಲರ್ಜಿಯಾಗಲಿ ಇಲ್ಲದಿದ್ದರೆ ಒತ್ತಡ ಇಳಿಸುವ ಅಸೆಟಜೋಲಮೈಡ್ ಮಾತ್ರೆ ಕೊಡುತ್ತೇನೆ. ನಂತರದ ವಾರಗಳಲ್ಲಿ ಸ್ಟೀರಾಯ್ಡ್ ಹನಿಗಳ ಮೇಲೆ ಕಣ್ಣಿಡಬೇಕು. ಗ್ಲಾಕೋಮಾ ಇರುವವರಲ್ಲಿ ಅವುಗಳಿಂದ ಒತ್ತಡ ಏರುವ ಸಂಭವ ಇತರರಿಗಿಂತ ಹೆಚ್ಚು.

ಪಟ್ಟಿ ಬಿಚ್ಚಿದ ಮೇಲೆ ಬಣ್ಣಗಳು ಹೊಳೆಯುತ್ತವೆ, ಅಕ್ಷರಗಳು ಸ್ಪಷ್ಟವಾಗುತ್ತವೆ, ಆಗ ಬಹಳ ಮಂದಿ ಕೇಳುತ್ತಾರೆ: “ಡಾಕ್ಟರೇ, ಇನ್ನು ಆ ಹನಿ ಬೇಡ ಅಲ್ಲವೇ?” ಕಂಡದ್ದು ಪೊರೆ ಹೋದ ಫಲ, ಗ್ಲಾಕೋಮಾ ಇದ್ದಲ್ಲೇ ಇದೆ ಎಂದು ಪ್ರತಿ ಬಾರಿಯೂ ಕೂರಿಸಿಕೊಂಡು ಹೇಳುತ್ತೇನೆ. ಹನಿಗಳನ್ನು ಕಡಿಮೆ ಮಾಡಲು ಸಾಧ್ಯವಾದರೂ ಒಂದೊಂದಾಗಿ, ಪ್ರತಿ ಹಂತದಲ್ಲೂ ಒತ್ತಡ ಅಳೆದು ಮಾಡುತ್ತೇನೆ. ಕಣ್ಣು ನೆಲೆಗೊಂಡ ಮೇಲೆ ಫೀಲ್ಡ್ ಟೆಸ್ಟ್ ಮತ್ತು ಓಸಿಟಿಯನ್ನು ಹೊಸದಾಗಿ ಮಾಡಿಸಿ, ಹಳೆಯ ವರದಿಗಳ ಬದಲು ಅವನ್ನೇ ಮುಂದಿನ ಹೋಲಿಕೆಯ ಆಧಾರವಾಗಿ ಇಟ್ಟುಕೊಳ್ಳುತ್ತೇನೆ. ಇಲ್ಲವಾದರೆ ಪೊರೆ ತೆಗೆದದ್ದರಿಂದ ಸುಧಾರಿಸಿದ ಅಂಕಿಗಳ ಮರೆಯಲ್ಲಿ ನರದ ಹೊಸ ಹಾನಿ ಒಂದೆರಡು ವರ್ಷ ಗಮನಕ್ಕೇ ಬಾರದೆ ಹೋಗುವ ಅಪಾಯವಿದೆ.