ಸಂಡೂರಿನ ಕೆಂಪು ಧೂಳು ಮತ್ತು ಗುರುತು ಸಿಗದ ಕಲ್ಲು

ನಾನು ಸಂಡೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ‘ಟೀಚರ್, ಇದು ಯಾವ ಕಲ್ಲು ರೀ?’ ಎಂದು ಯಾರಾದರೂ ಕಂಪಾಸ್ ಬಾಕ್ಸ್ ತೆರೆದರೆ ನಾನು ಮೊದಲು ಕೇಳುವುದು, ಎಲ್ಲಿ ಸಿಕ್ಕಿತು ಅಂತ. ಗುಡ್ಡದಲ್ಲೋ, ಹೊಳೆಯಲ್ಲೋ, ರಸ್ತೆಗೆ ಸುರಿದ ಜಲ್ಲಿಯಲ್ಲೋ? ಅದನ್ನು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ. ಜಾಗ ಗೊತ್ತಿಲ್ಲದಿದ್ದರೆ ಅರ್ಧ ಸುಳಿವು ಹೋದಂತೆ.

ಬಣ್ಣ ನೋಡಿ ಹೆಸರು ಹೇಳಬೇಡಿ. ಕಬ್ಬಿಣದ ಅದಿರಿನ ಲಾರಿ ಓಡಾಡುವ ದಾರಿಯಲ್ಲಿ ಬೆಣಚುಕಲ್ಲೂ ಕೆಂಪು, ಗ್ರಾನೈಟೂ ಕೆಂಪು. ಹಳೇ ಬ್ರಷ್‌ನಿಂದ ತಿಕ್ಕಿ ತೊಳೆದು ಒಣಗಿಸಿ. ಆಮೇಲೆ ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಂದು ಮೂಲೆ ಒಡೆಯಿರಿ. ಮಳೆ ಬಿಸಿಲು ತಾಗದ ಒಳಮೈಯನ್ನೇ ನೋಡಬೇಕು.

ಈಗ ಬಾತ್‌ರೂಮ್ ಟೈಲ್ಸ್‌ನ ಹಿಂಬದಿ, ಅಂದರೆ ಹೊಳಪಿಲ್ಲದ ಒರಟು ಕಡೆ, ಕಲ್ಲನ್ನು ಒತ್ತಿ ಗೀರಿ. ನಮ್ಮ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಹೆಮಟೈಟ್, ಮ್ಯಾಗ್ನೆಟೈಟ್ ಎರಡೂ ಕಬ್ಬಿಣದ ಅದಿರು. ಹೆಮಟೈಟ್ ಬೆಳ್ಳಿಯಂತೆ ಮಿಂಚುತ್ತಿದ್ದರೂ ಗೀರು ಮಾತ್ರ ಕೆಂಪು ಕಂದು. ಮ್ಯಾಗ್ನೆಟೈಟ್ ಗೀರು ಕಪ್ಪು, ಅದಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ. ಗೀರು ಕಪ್ಪಾಗಿದ್ದು, ಮ್ಯಾಗ್ನೆಟ್ ಅಂಟದೆ, ಬೆರಳಿಗೆ ಮಸಿ ಹತ್ತಿದರೆ ಮ್ಯಾಂಗನೀಸ್ ಅದಿರು ಇರಬಹುದು. ಆ ಪುಡಿಯನ್ನು ಊದಬೇಡಿ, ಕೈ ತೊಳೆದುಕೊಳ್ಳಿ. ಗೀರು ಹಳದಿ ಕಂದು ಬಂದರೆ ಲಿಮೊನೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರು ಎಂದು ಅನುಮಾನಿಸಿ. ನಮ್ಮ ಗುಡ್ಡಗಳ ಪಟ್ಟೆಪಟ್ಟೆ ಕಲ್ಲಿನಲ್ಲಿ ಅದಿರು, ಬೆಣಚು ಎರಡೂ ಪದರ ಪದರವಾಗಿರುತ್ತವೆ. ಅದಕ್ಕೆ ಒಂದೇ ಖನಿಜದ ಹೆಸರು ಕೊಡಬೇಡಿ, ಪ್ರತಿ ಪಟ್ಟೆಯನ್ನೂ ಬೇರೆಯಾಗಿ ಗೀರಿ ನೋಡಿ.

ಮುಂದಿನದು ಗಟ್ಟಿತನ. 1812ರಲ್ಲಿ ಜರ್ಮನ್ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ ರೂಪಿಸಿದ ಗಟ್ಟಿತನದ ಅಳತೆಯಲ್ಲಿ ಉಗುರು ಸುಮಾರು 2.5, ಸ್ಟೀಲ್ ಚಾಕು ಸುಮಾರು 5.5, ಬೆಣಚು 7. ಚಾಕುವಿನಿಂದ ಗೀರಿದ ಮೇಲೆ ಒದ್ದೆ ಬೆರಳಿಂದ ಒರೆಸಿ. ಗೆರೆ ಅಳಿಸಿಹೋದರೆ ಸವೆದದ್ದು ಚಾಕು, ಕಲ್ಲಲ್ಲ! ಬಿಳಿ ಕಲ್ಲಿಗೆ ಚಾಕುವಿನ ಗೆರೆ ಬಿದ್ದು, ವಿನೆಗರ್ ಹನಿಸಿದಾಗ ನೊರೆ ಬಂದರೆ ಸುಣ್ಣದ ಜಾತಿ. ರಾಯಚೂರಿನ ಎರೆಹೊಲಗಳ ಸುಣ್ಣದ ಹರಳು ಹೀಗೇ ನೊರೆ ಬಿಡುತ್ತದೆ. ಬೆಣಚು ಸುಮ್ನೆ ಇರುತ್ತದೆ.

ತೂಕ ನೋಡಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಕಲ್ಲನ್ನು ತೂಗಿ. ಆಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ. ಕಲ್ಲು 260 ಗ್ರಾಂ ಇದ್ದು ಈಗ ತಕ್ಕಡಿ 50 ತೋರಿಸಿದರೆ, ಭಾಗಿಸಿದಾಗ 5.2, ಅಂದರೆ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ 5.2 ಪಟ್ಟು ಭಾರ. ಅದು ಶುದ್ಧ ಹೆಮಟೈಟ್‌ನ ಲೆಕ್ಕ. ಬೆಣಚು 2.65ರ ಹತ್ತಿರ ನಿಲ್ಲುತ್ತದೆ.

ಬಂಗಾರದ ಗಣಿ ಇರುವ ಹಟ್ಟಿ ಕಡೆಯಿಂದ ಹೊಳೆಯುವ ಕಲ್ಲು ತಂದವರೆಲ್ಲ ಬಂಗಾರ ಅಂತಲೇ ಆಸೆಪಡುತ್ತಾರೆ. ಸೂಜಿ ಒತ್ತಿ ನೋಡಿ. ಬಂಗಾರ ಮೆತ್ತಗೆ ತಗ್ಗುತ್ತದೆ, ಅದರ ಗೀರೂ ಹಳದಿ. ಬಂಗಾರದಂತೆ ಹೊಳೆಯುವ ಪೈರೈಟ್ ಎಂಬ ಖನಿಜ ತಗ್ಗುವುದಿಲ್ಲ, ಜಾಸ್ತಿ ಒತ್ತಿದರೆ ಪುಡಿಯಾಗುತ್ತದೆ, ಗೀರು ಹಸಿರುಗಪ್ಪು. ತೆಳು ಹಾಳೆಯಾಗಿ ಎದ್ದು ಬಂದರೆ ಕಾಗೆಬಂಗಾರ, ಅಂದರೆ ಅಭ್ರಕ.

ಮಸ್ಕಿಯಲ್ಲಿ 1915ರಲ್ಲಿ ಬಂಗಾರ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಅವರಿಗೆ ಸಿಕ್ಕಿದ್ದು ಅಶೋಕನ ಶಾಸನ. ನಮ್ಮ ನೆಲವೇ ಹಾಗೆ. ಅದಕ್ಕೇ ಹಂಪಿ, ಮಸ್ಕಿ, ಸಂಗನಕಲ್ಲಿನಂಥ ಪುರಾತನ ಜಾಗಗಳಲ್ಲಿ ಕಲ್ಲು ಒಡೆಯಬೇಡಿ, ಎತ್ತಿಕೊಂಡೂ ಬರಬೇಡಿ. ದಯವಿಟ್ಟು ಹಳೇ ಗಣಿ ಗುಂಡಿಗಳಿಗೂ ಇಳಿಯಬೇಡಿ.

ಖನಿಜದ ಕಾಳು ಕಣ್ಣಿಗೆ ಕಾಣದ ನುಣ್ಣನೆಯ ಕಪ್ಪು ಕಲ್ಲು ಈ ಯಾವ ಪರೀಕ್ಷೆಗೂ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಭೂವಿಜ್ಞಾನ ವಿಭಾಗ ಇರುವ ಕಾಲೇಜಿಗೆ ತೆಗೆದುಕೊಂಡು ಹೋಗಿ. ಒಡೆದ ಚೂರು, ಜಾಗದ ಚೀಟಿ, ಗೀರಿದ ಟೈಲ್ಸ್ ತುಂಡು ಮೂರನ್ನೂ ಒಯ್ಯಿರಿ.