ಶುಗರ್‌ಗೆ ಚುಚ್ಚಿದ ಬೆರಳಿನಿಂದಲೇ ಇನ್ನೆರಡು ಹನಿ

ನನ್ನ ದವಾಖಾನೆ ಇರುವುದು ಗದಗ-ಬೆಟಗೇರಿಯಲ್ಲಿ, ನೇಕಾರರ ಓಣಿಯ ಪಕ್ಕ. ಕಿಟಕಿ ತೆಗೆದರೆ ಮಗ್ಗದ ಸದ್ದು ಒಳಗೇ ಬರುತ್ತದೆ. ಬಿಪಿ, ಶುಗರ್, ಕೆಮ್ಮು, ಮೊಣಕಾಲು ನೋವು, ಇವೇ ದಿನದ ಕೆಲಸ.

ಒಂದು ಸಂಜೆ ನೇಕಾರರೊಬ್ಬರು ಫೈಲ್ ಹಿಡಿದುಕೊಂಡು ಬಂದರು. ವಯಸ್ಸು ಐವತ್ತೆರಡು. ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಬೇರೆ ಊರಿಗೆ ಹೋಗಿದ್ದರು. ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಮಾಡುವ ರಕ್ತ ಪರೀಕ್ಷೆಯಲ್ಲಿ ಲಿವರ್‌ಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿತ್ತು. ರಿಪೋರ್ಟಿನಲ್ಲಿ ಆ ಸಾಲಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು. ಅದೇನು ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲದ ಮುಖ.

"ನಾ ಒಂದ್ ಹನಿ ಕುಡಿದಾಂವ ಅಲ್ರಿ ಸರ. ನನಗ್ಯಾಕ ಲಿವರ್ ರೋಗ?"

ಹನ್ನೊಂದು ವರ್ಷದಿಂದ ಅವರ ಬಿಪಿ ನೋಡುತ್ತಿದ್ದವನು ನಾನೇ. ಎಷ್ಟೋ ಸಲ ಬೆರಳು ಚುಚ್ಚಿ ಶುಗರ್ ನೋಡಿದ್ದೆ. ಈ ಪರೀಕ್ಷೆಯನ್ನು ಮಾತ್ರ ಒಮ್ಮೆಯೂ ಮಾಡಿಸಿರಲಿಲ್ಲ. ಕಣ್ಣು ಹಳದಿ ಇಲ್ಲ, ಕುಡಿತ ಇಲ್ಲ, ರಕ್ತ ಹಾಕಿಸಿಕೊಂಡಿಲ್ಲ, ಹಾಗಾಗಿ ನನಗೆ ಅನುಮಾನವೇ ಬಂದಿರಲಿಲ್ಲ. ಅನುಮಾನ ಬಂದವರಿಗೆ ಮಾತ್ರ ಪರೀಕ್ಷೆ ಅನ್ನುವ ನನ್ನ ರೂಢಿಯೇ ತಪ್ಪು ಅಂತ ಅವತ್ತು ಅರ್ಥವಾಯಿತು.

ಹೆಪಟೈಟಿಸ್ ಬಿ ದೊಡ್ಡವರಿಗೆ ತಗುಲಿದರೆ ಬಹಳ ಜನರಲ್ಲಿ ತಾನೇ ಹೋಗಿಬಿಡುತ್ತದೆ. ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಉಳಿಯುತ್ತದೆ. ಹುಟ್ಟುವಾಗ ತಾಯಿಯಿಂದ ಬಂದರೆ ಲೆಕ್ಕ ತಿರುಗುಮುರುಗು. ನೂರರಲ್ಲಿ ಸುಮಾರು 90 ಕೂಸುಗಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಮೂವತ್ತು-ನಲವತ್ತು ವರ್ಷ ಏನೂ ತೋರಿಸದೆ ಲಿವರ್‌ನಲ್ಲಿ ಕೂತಿರುತ್ತದೆ. ಮಕ್ಕಳಿಗೆ ಇದರ ಲಸಿಕೆ ದೇಶದ ಎಲ್ಲ ಕಡೆ ಸರ್ಕಾರಿ ಕಾರ್ಯಕ್ರಮದಲ್ಲಿ ಸಿಗತೊಡಗಿದ್ದು 2011ರ ಹೊತ್ತಿಗೆ. ಅಂದರೆ ಇವತ್ತು ನನ್ನ ಬೆಂಚಿನ ಮೇಲೆ ಕೂರುವ ದೊಡ್ಡವರಲ್ಲಿ ಹೆಚ್ಚಿನವರಿಗೆ ಅದು ಸಿಕ್ಕೇ ಇಲ್ಲ. ಮೇಲೆ ಗಾಜಿನ ಸಿರಿಂಜಿನ ಕಾಲ ನೆನಪು ಮಾಡಿಕೊಳ್ಳಿ. ಒಂದೇ ಸೂಜಿಯನ್ನು ಕುದಿಸಿ, ಕೆಲವೊಮ್ಮೆ ಸರಿಯಾಗಿ ಕುದಿಸದೆಯೂ, ಊರಿಗೆಲ್ಲ ಹಾಕುತ್ತಿದ್ದರು. ಜಾತ್ರೆಯಲ್ಲಿ ಹಚ್ಚೆ, ಕಟಿಂಗ್ ಅಂಗಡಿಯಲ್ಲಿ ಒಂದೇ ಬ್ಲೇಡು. ಇಲ್ಲಿ ಯಾರನ್ನು 'ರಿಸ್ಕ್' ಅಂತ ಬೇರೆ ಮಾಡುವುದು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಸಿ ಕೂಡ ಲಿವರ್‌ಗೇ ತಗಲುವ ಇನ್ನೊಂದು ವೈರಸ್. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅಲ್ಲಿನ ಎಲ್ಲ ವಯಸ್ಕರಿಗೂ ಜೀವನದಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿ ಅಂತ ಸಿ ವಿಷಯದಲ್ಲಿ 2020ರಲ್ಲಿ, ಬಿ ವಿಷಯದಲ್ಲಿ 2023ರಲ್ಲಿ ಹೇಳಿತು. ಬಿಗೆ ಅವರು ಮೂರು ಬಗೆಯ ರಕ್ತ ಪರೀಕ್ಷೆ ಒಟ್ಟಿಗೆ ಮಾಡಿ ಅನ್ನುತ್ತಾರೆ. ಈಗ ಸೋಂಕು ಇದೆಯೇ, ಹಿಂದೆ ಬಂದು ಹೋಗಿತ್ತೇ, ರಕ್ಷಣೆ ಇದೆಯೇ, ಮೂರೂ ಗೊತ್ತಾಗುತ್ತದೆ. ಒಳ್ಳೆಯದೇ. ಆದರೆ ದಿನಗೂಲಿಯ ನೇಕಾರರಿಗೆ ಅಷ್ಟು ಖರ್ಚು ಹೇಳಿದರೆ ಅವರು ಮತ್ತೆ ಬರುವುದಿಲ್ಲ. ನಾನು ರಕ್ತದ ಹನಿ ಹಾಕಿ ಅಲ್ಲೇ ಫಲಿತಾಂಶ ನೋಡುವ ಎರಡೇ ಟೆಸ್ಟ್ ಕಾರ್ಡ್ ಇಟ್ಟುಕೊಂಡೆ. ಬಿ ಈಗ ಇದೆಯೇ ಅನ್ನುವುದಕ್ಕೆ ಒಂದು, ಸಿಗೆ ಒಂದು. ಕಿಟ್ ನನಗೆ ಬಿದ್ದ ಬೆಲೆಗೇ ಕೊಡುತ್ತೇನೆ.

ನಮ್ಮೂರ ತೋಂಟದಾರ್ಯ ಜಾತ್ರೆ ಮುಗಿದ ಮೇಲೆ ಬಂದ ದೊಡ್ಡವರಿಗೆಲ್ಲ ಈ ಪರೀಕ್ಷೆ ಶುರು ಮಾಡಿದೆ. ಮೊದಲ ವಾರ ಕೆಲಸ ಸಾಗಲೇ ಇಲ್ಲ. "ನಿಮಗೆ ಹೆಪಟೈಟಿಸ್ ಟೆಸ್ಟ್ ಮಾಡಲೇ?" ಅಂತ ಕೇಳುತ್ತಿದ್ದೆ. "ಯಾಕ್ರಿ ಸರ, ನನ್ನ ಮ್ಯಾಲೆ ಡೌಟ್ ಬಂತೇನ್ರಿ?" ಅನ್ನುವರು. ಒಬ್ಬ ಹಿರಿಯರು ಚೀಟಿ ಅಲ್ಲೇ ಬಿಟ್ಟು ಎದ್ದು ಹೋದರು. ಆಮೇಲೆ ಮಾತು ಬದಲಿಸಿದೆ. ಈಗ ಹೀಗೆ ಹೇಳುತ್ತೇನೆ:

"ಕಾಕಾರ, ಹದಿನೆಂಟು ದಾಟಿದ ಎಲ್ಲಾರಿಗೂ ಜೀವನದಾಗ ಒಂದ್ಸಲ ಇದನ್ನ ಮಾಡಾಕತ್ತೇವ್ರಿ. ನಂದೂ ಮಾಡೇವಿ, ಸಿಸ್ಟರ್‌ದೂ ಮಾಡೇವಿ. ಶುಗರ್‌ಗೆ ಹೆಂಗೂ ಬೆರಳ ಚುಚ್ತೇವಿ, ಇನ್ನೆರಡು ಹನಿಯೊಳಗ ಲಿವರಿಂದೂ ನೋಡಿಬಿಡೋಣ್ರಿ. ಬ್ಯಾಡಂದ್ರ ಬಿಡೋಣು."

'ಎಲ್ಲಾರಿಗೂ' ಅನ್ನುವ ಆ ಒಂದು ಮಾತಿನಿಂದ ಮುಖ ಸಡಿಲಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಬೇಡ ಅಂದವರಿಗೆ ಒತ್ತಾಯ ಮಾಡುವುದಿಲ್ಲ. ಎಷ್ಟೋ ಜನ ಮುಂದಿನ ಸಲ ತಾವೇ ಕೇಳುತ್ತಾರೆ.

ಕಿಟ್ ತರಿಸುವಾಗ ಬೆರಳಿನ ರಕ್ತಕ್ಕೆ ಆಗುತ್ತದೆಯೇ ಅಂತ ಓದಿ ನೋಡಬೇಕು. ಕೆಲವು ಕಿಟ್ ಸೀರಮ್‌ಗೆ, ಅಂದರೆ ರಕ್ತದಿಂದ ಬೇರೆ ಮಾಡಿದ ತಿಳಿ ದ್ರವಕ್ಕೆ ಮಾತ್ರ. ಬೆರಳು ಚುಚ್ಚುವ ಸೂಜಿ, ಅಂದರೆ ಲ್ಯಾನ್ಸೆಟ್, ಒಂದನ್ನು ಒಬ್ಬರಿಗೆ ಮಾತ್ರ ಬಳಸಬೇಕು, ಆಮೇಲೆ ಅದು ಪಂಕ್ಚರ್ ಆಗದ ಡಬ್ಬಿಗೆ ಹೋಗಬೇಕು. ಕಾರ್ಡ್ ಮೇಲೆ ಹೆಸರು ಬರೆಯದೆ ನಂಬರ್ ಬರೆಯುತ್ತೇವೆ. ಕಿಟ್‌ನಲ್ಲಿ ಹೇಳಿದ ಹೊತ್ತಿಗೇ ಓದಬೇಕು, ತಡವಾಗಿ ಮೂಡುವ ಗೆರೆ ನಂಬುವಂತಿಲ್ಲ. ಒಂದು ಸಲ ಸಿಸ್ಟರ್ "ನೆಗೆಟಿವ್ ಐತ್ರಿ" ಅಂತ ಕಾರ್ಡ್ ಬುಟ್ಟಿಗೆ ಹಾಕುವುದರಲ್ಲಿದ್ದರು. ಟಾರ್ಚ್ ಹಿಡಿದು ನೋಡಿದೆ. ಪಾಸಿಟಿವ್ ಗೆರೆ ಮೂಡುವ ಟಿ ಅಕ್ಷರದ ಎದುರು ಕೂದಲೆಳೆಯಷ್ಟು ಮಸುಕು ಗುಲಾಬಿ ಗೆರೆ. ಮಸುಕಾದರೂ ಗೆರೆ ಗೆರೆಯೇ. ಲ್ಯಾಬ್‌ಗೆ ಕಳಿಸಿದಾಗ ಪಾಸಿಟಿವ್ ಅಂತಲೇ ಬಂತು. ಅಂದಿನಿಂದ ಪ್ರತಿ ಕಾರ್ಡನ್ನೂ ಇಬ್ಬರು ನೋಡುತ್ತೇವೆ.

ಇನ್ನೊಂದು ತಪ್ಪು ನನ್ನದೇ, ಇವತ್ತಿಗೂ ಮನಸ್ಸು ಚುಚ್ಚುತ್ತದೆ. ಒಬ್ಬ ಸೊಸೆಯ ರಿಪೋರ್ಟನ್ನು ಅವಸರದಲ್ಲಿ ಅತ್ತೆಯ ಎದುರೇ ಹೇಳಿಬಿಟ್ಟೆ. ವಾರದೊಳಗೆ ಆ ಹುಡುಗಿಯ ತಾಟು, ಕಪ್ಪು-ಬಸಿ ಎಲ್ಲ ಬೇರೆಯಾದವು. ಅಡಿಗೆಮನೆಗೆ ಬರಬೇಡ ಅಂದರು. ವಿಷಯ ಕಿವಿಗೆ ಬಿದ್ದ ದಿನವೇ ಅವರ ಮನೆಗೆ ಹೋದೆ. ಚಹಾ ಮಾಡಿದರು. "ಆಕಿ ಕಪ್ಪಿನ್ಯಾಗ ಕೊಡ್ರಿ" ಅಂತ ಕೇಳಿ ಇಸಿದುಕೊಂಡು ಕುಡಿದೆ. ಅತ್ತೆ ಸುಮ್ಮನೆ ನೋಡುತ್ತಿದ್ದರು. ಕೂಡಿ ಉಣ್ಣುವುದರಿಂದ, ಮುಟ್ಟುವುದರಿಂದ, ಅಡಿಗೆ ಮಾಡುವುದರಿಂದ ಇದು ಹತ್ತುವುದಿಲ್ಲ. ರಕ್ತದಿಂದ, ದೇಹ ಸಂಬಂಧದಿಂದ, ತಾಯಿಯಿಂದ ಕೂಸಿಗೆ ಹತ್ತುತ್ತದೆ. ಹಾಗಾಗಿ ಬ್ಲೇಡು, ಹಲ್ಲಿನ ಬ್ರಶ್, ಉಗುರು ತೆಗೆಯುವ ಕಟ್ಟರ್ ಮಾತ್ರ ಬೇರೆ ಇರಲಿ. ಇಷ್ಟು ಹೇಳಲು ಒಂದು ತಾಸು ಕೂತೆ. ಆ ಹುಡುಗಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ಈಗ ರಿಸಲ್ಟ್ ಏನೇ ಇರಲಿ, ಬಾಗಿಲು ಹಾಕಿ ಅವರೊಬ್ಬರಿಗೇ ಹೇಳುತ್ತೇನೆ. ಮನೆಯವರಿಗೆ ತಿಳಿಸುವುದು ಅವರ ಒಪ್ಪಿಗೆ ಇದ್ದರೆ ಮಾತ್ರ.

ಪಾಸಿಟಿವ್ ಬಂದ ಮೇಲೆ ಕೆಲಸ ಜಾಸ್ತಿ. ಬಿ ಇದ್ದರೆ ಲಿವರ್ ಟೆಸ್ಟ್, ಪ್ಲೇಟ್‌ಲೆಟ್, ವೈರಸ್ ಎಷ್ಟಿದೆ ಅನ್ನುವ ಡಿಎನ್‌ಎ ಪರೀಕ್ಷೆ, ಸ್ಕ್ಯಾನಿಂಗ್ ಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೊಫೊವಿರ್, ವರ್ಷಗಟ್ಟಲೆ, ನಡುವೆ ತಾವಾಗಿ ನಿಲ್ಲಿಸುವಂತಿಲ್ಲ. ಸಿ ಕಾರ್ಡ್ ಪಾಸಿಟಿವ್ ಅಂದರೆ ವೈರಸ್ ಯಾವಾಗಲೋ ಬಂದಿತ್ತು ಅಂತ ಅಷ್ಟೇ. ಈಗಲೂ ಇದೆಯೇ ಅಂತ ಆರ್‌ಎನ್‌ಎ ಪರೀಕ್ಷೆ ಹೇಳಬೇಕು. ಇದ್ದರೆ ಸಾಮಾನ್ಯವಾಗಿ 12 ವಾರ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆ. ನೂರರಲ್ಲಿ 95 ಜನ ಪೂರ್ತಿ ಗುಣವಾಗುತ್ತಾರೆ. ಈ ಮಾತು ಹೇಳುವಾಗ ನನಗೇ ಖುಷಿ ಆಗುತ್ತದೆ. ಸಿ ಔಷಧ ಶುರುವಾದಾಗ ಒಳಗಿದ್ದ ಬಿ ತಲೆ ಎತ್ತಬಹುದು, ಅದಕ್ಕೇ ಎರಡೂ ಕಾರ್ಡ್ ಒಟ್ಟಿಗೆ ಹಾಕುತ್ತೇನೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಇದು ನನ್ನ ಹತ್ತಿರ ಬರುವ ಜನರಿಗೆ ಗೊತ್ತೇ ಇರಲಿಲ್ಲ.

ಮೊದಮೊದಲು ಚೀಟಿ ಬರೆದು ಸರ್ಕಾರಿ ಆಸ್ಪತ್ರೆಗೆ ಕಳಿಸಿ ಸುಮ್ಮನಾಗುತ್ತಿದ್ದೆ. ಕೆಲವರು ಅಲ್ಲಿಗೆ ಹೋಗಲೇ ಇಲ್ಲ. ಒಂದು ದಿನದ ಮಗ್ಗ ನಿಂತರೆ ಆ ದಿನದ ಕೂಲಿ ಹೋಯಿತಲ್ವಾ? ಈಗ ಒಂದು ವಹಿ ಇಟ್ಟಿದ್ದೇನೆ. ಯಾವ ದಿನ ಹೋಗುತ್ತೀರಿ ಅಂತ ಅವರನ್ನೇ ಕೇಳಿ ತಾರೀಖು ಬರೆದುಕೊಳ್ಳುತ್ತೇನೆ. ಮರುದಿನ ಸಿಸ್ಟರ್ ಫೋನ್ ಮಾಡುತ್ತಾರೆ. ಮನೆಮಂದಿಯ ಬಿ ಪರೀಕ್ಷೆ, ಇಲ್ಲದವರಿಗೆ ಲಸಿಕೆ, ಎಲ್ಲ ಅದೇ ವಹಿಯಲ್ಲಿ. ಲಸಿಕೆ ಇವತ್ತು ಒಂದು, ಒಂದು ತಿಂಗಳಾದ ಮೇಲೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಆ ಮೂರನೆಯದನ್ನೇ ಎಲ್ಲರೂ ಮರೆಯುವುದು.

ಆ ನೇಕಾರರ ಕಣ್ಣಿನ ಆಪರೇಷನ್ ಆಯಿತು. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಫೈಲ್ ತಂದು ತೋರಿಸುತ್ತಾರೆ. ಹೆಂಡತಿಗೂ ದೊಡ್ಡ ಮಗನಿಗೂ ಲಸಿಕೆ ಮುಗಿದಿದೆ. ಸಣ್ಣ ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಅವನ ಮೂರನೇ ಡೋಸ್ ಬಾಕಿ ಇದೆ. ಬರುವ ಭಾನುವಾರ ಊರಿಗೆ ಬರುತ್ತಾನಂತೆ. ಅವತ್ತು ರಜೆ, ಆದರೂ ಬೆಳಗ್ಗೆ ಹತ್ತಕ್ಕೆ ದವಾಖಾನೆ ತೆಗೆಯುತ್ತೇನೆ ಅಂತ ಹೇಳಿದ್ದೇನೆ.